ಎಂಟು ವರ್ಷ ಕಾದು ಕೇಳಿದ ಆಲ್ಬಂಗೆ ವಿಮರ್ಶೆ ಬರೆಯುವ ಕ್ರಮ

ಸ್ಕಾಟ್ಲೆಂಡಿನ ಸಹೋದರರಾದ ಮೈಕೆಲ್ ಸ್ಯಾಂಡಿಸನ್ ಮತ್ತು ಮಾರ್ಕಸ್ ಇಯೊನ್ ಅವರ ‘ಬೋರ್ಡ್ಸ್ ಆಫ್ ಕೆನಡಾ’ ಜೋಡಿಯ ಸಂಗೀತವನ್ನು ಹಲವು ವರ್ಷ ಕೇಳಿಕೊಂಡು ಬಂದವರಿಗೆ 2013ರ ಜೂನ್ ತಿಂಗಳು ಮರೆಯುವಂಥದ್ದಲ್ಲ. 2005ರಲ್ಲಿ ‘ದಿ ಕ್ಯಾಂಪ್‌ಫೈರ್ ಹೆಡ್‌ಫೇಸ್’ ಬಂದಿತ್ತು. ಮರುವರ್ಷದ ಒಂದು ಕಿರು ಆಲ್ಬಂ ಬಿಟ್ಟರೆ ಆಮೇಲೆ ಅವರಿಂದ ಹೊಸ ಆಲ್ಬಂ ಬಂದಿರಲಿಲ್ಲ. ಸುಮಾರು ಎಂಟು ವರ್ಷಗಳ ನಂತರ ‘ಟುಮಾರೋಸ್ ಹಾರ್ವೆಸ್ಟ್’ ಕೈಗೆ ಸಿಕ್ಕಿದ ರಾತ್ರಿಯೇ ನಾನು ಅದರ ಬಗ್ಗೆ ಎರಡು ಪುಟ ಬರೆದೆ. ಮೂರು ವಾರ ಕಳೆದು ಓದಿದಾಗ ಆ ಎರಡು ಪುಟಗಳಲ್ಲಿ ನಾನು ಕಾದ ಕಥೆ ಇತ್ತು, ಹಳೆಯ ಆಲ್ಬಂಗಳ ನೆನಪು ಇತ್ತು, ಬಿಡುಗಡೆಯ ಸುತ್ತಲಿನ ರೋಚಕ ಸಂಗತಿಗಳಿದ್ದವು. ಆಲ್ಬಂನಲ್ಲಿ ಏನು ಕೇಳಿಸುತ್ತದೆ ಎಂಬುದಕ್ಕೆ ನಾಲ್ಕು ಸಾಲುಗಳೂ ಇರಲಿಲ್ಲ. ಹೀಗಾಗದಂತೆ ಬರೆಯುವುದು ಹೇಗೆ ಎಂಬುದನ್ನು ಆ ಒಂದು ಆಲ್ಬಂ ಅನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ದೀರ್ಘಕಾಲದಿಂದ ನುಡಿಸುತ್ತಿರುವ ಯಾವುದೇ ಆಂಬಿಯೆಂಟ್ (ಸುತ್ತಲಿನ ವಾತಾವರಣದಂತೆ ಮೆಲ್ಲಗೆ ಹರಡುವ) ಎಲೆಕ್ಟ್ರಾನಿಕ್ ಸಂಗೀತದ ಜೋಡಿಯ ಹೊಸ ಆಲ್ಬಂಗೂ ಈ ಕ್ರಮ ಹೊಂದುತ್ತದೆ.

ಮೊದಲು ಕೇಳುವ ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳಬೇಕು. ಈ ಬಗೆಯ ಸಂಗೀತದಲ್ಲಿ ಮುಖ್ಯವಾದದ್ದು ಬಹಳ ಮೆಲ್ಲಗೆ, ಬಹಳ ಕೆಳಗಿನ ಸ್ಥಾಯಿಯಲ್ಲಿ ನಡೆಯುತ್ತಿರುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ಅದು ಇಲ್ಲವೇ ಇಲ್ಲ ಎನಿಸುತ್ತದೆ. ತಲೆಯ ಮೇಲೆ ತಿರುಗುವ ಫ್ಯಾನನ್ನು ಆರಿಸಬೇಕು, ಆಗುವುದಾದರೆ ಫ್ರಿಜ್ಜಿನ ಗುಂಯ್‌ಗುಡುವಿಕೆ ಕೇಳಿಸದ ಕೋಣೆಯಲ್ಲಿ ಕೂರಬೇಕು. ಇದು ಅತಿಯಾದ ನೇಮವೆಂದು ತೋರಬಹುದು, ಆದರೆ ಈ ಆಲ್ಬಂನ ಕೊನೆಯ ಟ್ರ್ಯಾಕಿನಲ್ಲಿ ಡ್ರಮ್ ಇಲ್ಲ, ಎದ್ದು ಕಾಣುವ ರಾಗವೂ ಇಲ್ಲ, ಮಂದ್ರದಲ್ಲಿ ಹಾಸಿಕೊಂಡ ಒಂದು ದನಿ ಮಾತ್ರ ಇದೆ. ಮೊದಲ ಸಲ ಕೇಳುವಾಗ ಫ್ಯಾನಿನ ಸದ್ದು ಅದನ್ನು ಪೂರ್ತಿ ನುಂಗಿಹಾಕಿತ್ತು, ಹಾಗಾಗಿ ‘ಆಲ್ಬಂ ಸುಮ್ಮನೆ ಮುಗಿದುಹೋಗುತ್ತದೆ’ ಎಂದು ನಾನು ಬರೆದುಬಿಟ್ಟಿದ್ದೆ.

ಎರಡನೆಯದಾಗಿ, ಇಡೀ ಆಲ್ಬಂ ಅನ್ನು ಕೊಟ್ಟ ಕ್ರಮದಲ್ಲೇ ಕೇಳಬೇಕು. ‘ಟುಮಾರೋಸ್ ಹಾರ್ವೆಸ್ಟ್’ನಲ್ಲಿ 17 ಟ್ರ್ಯಾಕುಗಳಿವೆ, ಒಟ್ಟು ಅವಧಿ ಸುಮಾರು 62 ನಿಮಿಷ. ಮೊದಲ ಕೇಳುವಿಕೆಯಲ್ಲಿ ಪೆನ್ನು ಮುಟ್ಟಬಾರದು. ಎರಡನೆಯ ಸಲ ಟಿಪ್ಪಣಿ ಮಾಡಿಕೊಳ್ಳಬೇಕು, ಮತ್ತು ಪ್ರತಿ ಟಿಪ್ಪಣಿಯ ಪಕ್ಕದಲ್ಲೂ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಎಂದು ಗುರುತು ಹಾಕಬೇಕು. ಮೂರನೆಯ ಸಲ ಬೇರೆ ರೀತಿಯಲ್ಲಿ ಕೇಳಬೇಕು: ಅಡುಗೆ ಮಾಡುತ್ತಲೋ ಬಟ್ಟೆ ಮಡಚುತ್ತಲೋ. ಆಂಬಿಯೆಂಟ್ ಎಂಬ ಹೆಸರನ್ನು 1978ರಲ್ಲಿ ತನ್ನ ಆಲ್ಬಂಗೆ ಇಟ್ಟ ಬ್ರಿಟಿಷ್ ಸಂಗೀತಗಾರ ಬ್ರಯನ್ ಈನೊ, ಇಂಥ ಸಂಗೀತವು ಗಮನವಿಟ್ಟು ಕೇಳುವವನಿಗೂ ಅರೆಗಮನದಲ್ಲಿರುವವನಿಗೂ ಒಂದೇ ರೀತಿ ಒದಗಬೇಕು ಎಂಬ ಅರ್ಥದ ಮಾತನ್ನು ಅದರ ಟಿಪ್ಪಣಿಯಲ್ಲಿ ಬರೆದಿದ್ದರು. ಆದ್ದರಿಂದ ಕೈಕೆಲಸದ ನಡುವೆ ಯಾವ ಕ್ಷಣದಲ್ಲಿ ಸಂಗೀತ ನಮ್ಮನ್ನು ತಾನಾಗಿಯೇ ಕರೆಯಿತು ಎಂಬುದು ವಿಮರ್ಶೆಗೆ ಬೇಕಾದ ನಿಜವಾದ ಸಾಕ್ಷ್ಯ. ನನ್ನನ್ನು ಕರೆದದ್ದು ‘ರೀಚ್ ಫಾರ್ ದ ಡೆಡ್’ನ ಉತ್ತರಾರ್ಧ: ಅಲ್ಲಿಯವರೆಗೆ ಮಂಜಿನಂತೆ ಕವಿದಿದ್ದ ನಾದದ ಒಳಗಿನಿಂದ ಬಿಡಿಸಿ ನುಡಿಸಿದ ಸ್ವರಗಳ ಸಾಲೊಂದು ಸುತ್ತುತ್ತ ಮೇಲೇಳುತ್ತದೆ, ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ.

ಇನ್ನು ಟಿಪ್ಪಣಿಯಲ್ಲಿ ಏನನ್ನು ಬರೆಯಬೇಕು ಎಂಬ ಪ್ರಶ್ನೆ. ಇಲ್ಲಿಯೇ ಹೆಚ್ಚಿನವರು ಸೋಲುತ್ತಾರೆ, ಏಕೆಂದರೆ ಹಾಡಿಲ್ಲದ, ಸಾಹಿತ್ಯವಿಲ್ಲದ ಸಂಗೀತದ ಮುಂದೆ ಕೂತಾಗ ‘ಅದ್ಭುತ’, ‘ಮಾಂತ್ರಿಕ’, ‘ಬೇರೆ ಲೋಕಕ್ಕೆ ಕರೆದೊಯ್ಯುತ್ತದೆ’ ಎಂಬ ಮಾತುಗಳು ತಾವಾಗಿಯೇ ಬಂದು ಕೂರುತ್ತವೆ. ಅವು ಯಾವ ಆಲ್ಬಂಗೂ ಹೊಂದುತ್ತವೆ, ಆದ್ದರಿಂದ ಯಾವ ಆಲ್ಬಂ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ನಾನು ಮೊದಲು ಶ್ರುತಿಯನ್ನು ಗಮನಿಸುತ್ತೇನೆ. ಈ ಜೋಡಿಯ ಸಿಂಥಸೈಜರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ಸ್ವರಗಳು ನಿಂತ ಜಾಗದಲ್ಲಿ ನಿಲ್ಲುವುದಿಲ್ಲ. ಬಿಸಿಲಲ್ಲಿ ಬಿದ್ದು ಹಾಳಾದ ಕ್ಯಾಸೆಟ್ ಎಳೆದೆಳೆದು ಓಡುವಾಗ ಸ್ವರ ತುಸು ಇಳಿದು ಮತ್ತೆ ಏರುವಂತೆ ಅವು ತೇಲಾಡುತ್ತವೆ. ಟೇಪಿನ ವೇಗ ಏರುಪೇರಾದಾಗ ಹುಟ್ಟುವ ಈ ದೋಷವನ್ನು ಅವರು ಬೇಕೆಂದೇ ಸಾಧಿಸುತ್ತಾರೆ. ಅದು ಎಷ್ಟು ಹೆಚ್ಚಿದೆ, ಯಾವ ಟ್ರ್ಯಾಕಿನಲ್ಲಿ ಇಲ್ಲವೇ ಇಲ್ಲ ಎಂದು ಗುರುತಿಸಿದರೆ ಆಲ್ಬಂನ ಭಾವವನ್ನು ಅರ್ಧ ಹಿಡಿದಂತೆಯೇ.

ಆಮೇಲೆ ಲಯ. ‘ಜಕಾರ್ಡ್ ಕಾಸ್‌ವೇ’ಯಲ್ಲಿ ಡ್ರಮ್ ಮುಗ್ಗರಿಸುತ್ತ ನಡೆಯುವಂತೆ ಕೇಳಿಸುತ್ತದೆ, ಆರು ನಿಮಿಷಕ್ಕೂ ಹೆಚ್ಚು ಹೊತ್ತು ಅದು ಆ ನಡಿಗೆಯನ್ನು ಬಿಡುವುದಿಲ್ಲ. ಇದು ಬೇಸರ ತಂದಿತೇ, ಅಥವಾ ಕೆಲವು ಸುತ್ತುಗಳ ನಂತರ ಕಾಲು ಅದಕ್ಕೆ ಒಗ್ಗಿತೇ? ಎರಡರಲ್ಲಿ ಯಾವುದಾದರೂ ಅದನ್ನು ನೇರವಾಗಿ ಬರೆಯಬೇಕು. ನನಗೆ ಐದನೆಯ ಸಲದವರೆಗೂ ಅದು ಉದ್ದವೆನಿಸಿತು, ಈಗಲೂ ಒಂದು ನಿಮಿಷ ಕಡಿಮೆಯಿದ್ದಿದ್ದರೆ ಚೆನ್ನಾಗಿತ್ತೆಂದೇ ಭಾವಿಸುತ್ತೇನೆ. ಅಭಿಮಾನಿಯಾದವನು ಇಂಥ ಮಾತನ್ನು ಮುಚ್ಚಿಡಬಾರದು. ಆತ ಮೆಚ್ಚಿದ ಉಳಿದ ಹದಿನಾರರ ಬಗ್ಗೆ ಓದುಗರು ನಂಬುವುದು ಈ ಒಂದನ್ನು ಹೇಳಿದ್ದರಿಂದಲೇ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಅನುಕೂಲವಿದೆ, ಅದರ ಜೊತೆಗೇ ಒಂದು ಅಪಾಯವೂ ಇದೆ. ನಾದ, ಶ್ರುತಿ, ಆಧಾರ ಷಡ್ಜ, ಮಂದ್ರ, ಅನುರಣನ ಎಂಬ ಪದಗಳು ನಮ್ಮಲ್ಲಿ ಸಿದ್ಧವಾಗಿವೆ, ಸಂಗೀತ ಕಲಿಯದವರಿಗೂ ಅವುಗಳ ಪರಿಚಯವಿದೆ. ಸಿಂಥಸೈಜರಿನ ನಿರಂತರ ದನಿಯ ಬಗ್ಗೆ ಬರೆಯುವಾಗ ಅವು ಚೆನ್ನಾಗಿ ದುಡಿಯುತ್ತವೆ. ಆದರೆ ಎಳೆದ ದನಿಯೆಲ್ಲವನ್ನೂ ತಂಬೂರಿಗೆ ಹೋಲಿಸುವ ಅಭ್ಯಾಸ ತಪ್ಪು ದಾರಿಗೆ ಎಳೆಯುತ್ತದೆ. ತಂಬೂರಿಯ ಶ್ರುತಿ ಹಾಡುವವನಿಗೆ ನೆಲೆ ಕೊಡುತ್ತದೆ, ಅದು ಅಲುಗಬಾರದು. ಈ ಜೋಡಿಯ ಮಂದ್ರದನಿ ಬೇಕೆಂದೇ ಅಲುಗುತ್ತದೆ, ಕೇಳುವವನ ನೆಲೆಯನ್ನು ತಪ್ಪಿಸುತ್ತದೆ. ಹೋಲಿಕೆ ಮಾಡಿದರೆ ಈ ವ್ಯತ್ಯಾಸವನ್ನೂ ಬರೆಯಬೇಕು, ಇಲ್ಲವಾದರೆ ಹೋಲಿಕೆಯನ್ನೇ ಬಿಡಬೇಕು.

ನೆನಪಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಸಾಕ್ಷ್ಯಚಿತ್ರಗಳನ್ನು ಬಾಲ್ಯದಲ್ಲಿ ನೋಡಿದ ಪ್ರಭಾವದಿಂದಲೇ ಇವರು ತಮ್ಮ ಹೆಸರನ್ನು ಆರಿಸಿಕೊಂಡದ್ದು. ಹೊಸ ಆಲ್ಬಂನ ಮೊದಲ ಟ್ರ್ಯಾಕ್ ‘ಜೆಮಿನಿ’ ಹಳೆಯ ಟಿವಿ ಕೇಂದ್ರದ ಸಿಗ್ನೇಚರ್ ಟ್ಯೂನ್‌ನಂಥ ಪುಟ್ಟ ಮೊಳಗಿನಿಂದ ಆರಂಭವಾಗುತ್ತದೆ. ಆ ಸಾಕ್ಷ್ಯಚಿತ್ರಗಳನ್ನು ನಾವು ನೋಡಿ ಬೆಳೆದವರಲ್ಲ. ನನಗೆ ಆ ಮೊಳಗು ಕೇಳಿದ ಕೂಡಲೇ ಕಣ್ಣಮುಂದೆ ಬಂದದ್ದು ಕಪ್ಪು-ಬಿಳುಪು ಪರದೆಯ ಮೇಲೆ ತಿರುಗಿ ಒಂದಾಗುತ್ತಿದ್ದ ದೂರದರ್ಶನದ ಲಾಂಛನ. ಅವರ ಬಾಲ್ಯ ಬೇರೆ, ನನ್ನದು ಬೇರೆ, ಆದರೆ ಒಂದೇ ಬಗೆಯ ಯಂತ್ರದ ದನಿ ಎರಡನ್ನೂ ಎಬ್ಬಿಸುತ್ತದೆ. ಹೀಗೆ ಬರೆದರೆ ಅದು ನಿಜ. ‘ಈ ಆಲ್ಬಂ ನಮ್ಮೆಲ್ಲರ ಬಾಲ್ಯವನ್ನು ಮರಳಿಸುತ್ತದೆ’ ಎಂದು ಬರೆದರೆ ಅದು ಬೇರೆಯವರ ಮಾತನ್ನು ಎರವಲು ತಂದಂತೆ.

ಹಳೆಯ ಆಲ್ಬಂಗಳೊಡನೆ ಹೋಲಿಕೆ ಮಾಡದೆ ಅಭಿಮಾನಿ ಬರೆಯಲಾರ, ಬರೆಯಲೂ ಬೇಕಿಲ್ಲ. ಆದರೆ ಹೋಲಿಸುವ ಮೊದಲು ಹಳೆಯದನ್ನು ಮತ್ತೊಮ್ಮೆ ಕೇಳಬೇಕು, ನೆನಪಿನಿಂದ ಹೋಲಿಸಬಾರದು. 1998ರ ‘ಮ್ಯೂಸಿಕ್ ಹ್ಯಾಸ್ ದ ರೈಟ್ ಟು ಚಿಲ್ಡ್ರನ್’ ನನ್ನ ನೆನಪಿನಲ್ಲಿ ಬೆಚ್ಚಗಿನ ಬಿಸಿಲಿನಂಥ ಸಂಗೀತವಾಗಿ ಉಳಿದಿತ್ತು, ಅದಕ್ಕೇ ಹೊಸದು ತಣ್ಣಗೆ, ನಿರ್ಜನವಾಗಿ ತೋರಿತು. ಮರಳಿ ಕೇಳಿದಾಗ ಆ ಬಿಸಿಲಿನ ಆಲ್ಬಂನಲ್ಲೂ ಕತ್ತರಿಸಿದ ಮಕ್ಕಳ ದನಿಗಳು ಎಷ್ಟು ಅಳುಕು ಹುಟ್ಟಿಸುತ್ತವೆ ಎಂಬುದು ತಿಳಿಯಿತು; ಅದರ ಮುಖಪುಟದ ಕುಟುಂಬದ ಚಿತ್ರದಲ್ಲಿ ಯಾರಿಗೂ ಮುಖವಿಲ್ಲ ಎಂಬುದನ್ನೂ ನಾನು ಮರೆತಿದ್ದೆ. 2002ರ ‘ಜಿಯೊಗ್ಯಾಡಿ’ ಇನ್ನೂ ಕತ್ತಲೆಯದು. ಆದ್ದರಿಂದ ‘ಇವರು ಬದಲಾಗಿದ್ದಾರೆ’ ಎನ್ನುವ ಬದಲು, ಮೊದಲಿನಿಂದಲೂ ಇದ್ದ ಅಳುಕು ಒಳಕೋಣೆಯಿಂದ ಅಂಗಳಕ್ಕೆ ಬಂದಿದೆ, ಮಕ್ಕಳು ಕಾಣೆಯಾಗಿದ್ದಾರೆ ಎಂದು ತಿದ್ದಿ ಬರೆದೆ. ಮಬ್ಬು ಬೆಳಕಿನಲ್ಲಿ ಕರಗುವಂತಿರುವ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮುಖಪುಟವೂ ಆ ಮಾತಿಗೆ ಒತ್ತಾಸೆಯಾಗಿತ್ತು.

ಬಿಡುಗಡೆಯ ಕಥೆಗೆ ಒಂದು ಪ್ಯಾರಾ ಸಾಕು. ಕಥೆ ಸೊಗಸಾದದ್ದೇ: ಸಂಗೀತ ತಟ್ಟೆಗಳ ಅಂಗಡಿಗಳು ವರ್ಷಕ್ಕೊಮ್ಮೆ ಆಚರಿಸುವ ರೆಕಾರ್ಡ್ ಸ್ಟೋರ್ ದಿನವಾದ 2013ರ ಏಪ್ರಿಲ್ 20ರಂದು ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಮುನ್ಸೂಚನೆಯಿಲ್ಲದೆ ಒಂದು ಗ್ರಾಮಫೋನ್ ತಟ್ಟೆ ಸಿಕ್ಕಿತು, ಅದರಲ್ಲಿ ಒಂದು ಕಂಠ ಆರು ಅಂಕಿಗಳನ್ನು ಓದುತ್ತಿತ್ತು, ಅಂಥ ಆರು ಸಂಖ್ಯೆಗಳನ್ನು ಅಭಿಮಾನಿಗಳು ಹುಡುಕಿ ಜೋಡಿಸಿದ ಮೇಲೆ ಆಲ್ಬಂ ಘೋಷಣೆಯಾಯಿತು. ಮೇ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಪಾಳುಬಿದ್ದ ವಾಟರ್ ಪಾರ್ಕೊಂದರಲ್ಲಿ ಅದನ್ನು ಮೊದಲ ಬಾರಿ ಬಹಿರಂಗವಾಗಿ ಕೇಳಿಸಲಾಯಿತು. ಇದನ್ನು ಹೇಳುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಈ ಕಥೆ ಗೊತ್ತಿಲ್ಲದವನಿಗೂ ಸಂಗೀತ ಅಷ್ಟೇ ಕೇಳಿಸುತ್ತದೆ ಎಂಬುದನ್ನು ನೆನಪಿಡಬೇಕು.

ಗೂಢಾರ್ಥಗಳನ್ನು ಮಾತ್ರ ಇಷ್ಟು ಬೇಗ ಬದಿಗಿಡಲಾಗದು, ಏಕೆಂದರೆ ಈ ಜೋಡಿ ಅವುಗಳನ್ನು ತಾನಾಗಿಯೇ ಹುದುಗಿಸುತ್ತದೆ. ‘ಜಿಯೊಗ್ಯಾಡಿ’ಯ ಅವಧಿ 66 ನಿಮಿಷ 6 ಸೆಕೆಂಡ್, ಬೈಬಲ್ಲಿನ ದುಷ್ಟಮೃಗದ ಸಂಖ್ಯೆಯಾದ 666 ಅನ್ನು ನೆನಪಿಸುವಂಥದ್ದು. ಹೊಸ ಆಲ್ಬಂನ ‘ಪ್ಯಾಲೇಸ್ ಪೋಸಿ’ ಎಂಬ ಶೀರ್ಷಿಕೆಯ ಇಂಗ್ಲಿಷ್ ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದರೆ ‘ಅಪಾಕಲಿಪ್ಸ್’ ಎಂದಾಗುತ್ತದೆ, ಅಂದರೆ ಮಹಾಪ್ರಳಯ. ಕೊನೆಯ ಟ್ರ್ಯಾಕಿನ ಹೆಸರು ‘ಸೆಮೆನಾ ಮೆರ್ತ್‌ವಿಖ್’. ರಷ್ಯನ್ ಭಾಷೆಯಲ್ಲಿ ಅದಕ್ಕೆ ಸತ್ತವರ ಬೀಜಗಳು ಎಂಬ ಅರ್ಥ. ‘ಟುಮಾರೋಸ್ ಹಾರ್ವೆಸ್ಟ್’, ಅಂದರೆ ನಾಳಿನ ಸುಗ್ಗಿ, ಎಂಬ ಆಲ್ಬಂ ಈ ಬೀಜಗಳಲ್ಲಿ ಮುಗಿಯುತ್ತದೆ. ಟ್ರ್ಯಾಕುಗಳ ಜೋಡಣೆ ಎರಡೂ ಕಡೆಯಿಂದ ಒಂದೇ ತೆರನಾಗಿ ಓದಿಸಿಕೊಳ್ಳುವಂಥದ್ದು, ಅದರ ನಡುವೆ ‘ಕೊಲ್ಯಾಪ್ಸ್’ (ಕುಸಿತ) ಎಂಬ ಟ್ರ್ಯಾಕ್ ಇದೆ ಎಂದು ಸಹೋದರರೇ ಸಂದರ್ಶನದಲ್ಲಿ ತಿಳಿಸಿದ್ದಾರೆ. ಇಂಥದ್ದನ್ನು ಬರೆಯುವ ಮೊದಲು ನನ್ನ ನಿಯಮ ಒಂದೇ: ಕಿವಿಯಿಂದ ಪರೀಕ್ಷಿಸಬೇಕು. ‘ಕೊಲ್ಯಾಪ್ಸ್’ ಒಂಬತ್ತನೆಯದು, ಹಿಂದೆ ಎಂಟು, ಮುಂದೆ ಎಂಟು. ಅಲ್ಲಿ ಡ್ರಮ್ ಪೂರ್ತಿ ನಿಲ್ಲುತ್ತದೆ, ಬಾವಿಯ ತಳ ಮುಟ್ಟಿದ ಅನುಭವವಾಗುತ್ತದೆ. ಮರುಕ್ಷಣ ‘ಪ್ಯಾಲೇಸ್ ಪೋಸಿ’ಯ ಗಟ್ಟಿ ತಾಳ ಬಂದಾಗ ದಿಕ್ಕು ಬದಲಾದದ್ದು ನಿಜವಾಗಿ ಕೇಳಿಸುತ್ತದೆ. ಕೇಳಿಸಿದ್ದರಿಂದ ಬರೆದೆ. ಕಾಗದದ ಮೇಲೆ ಮಾತ್ರ ಹೊಂದಿಕೆಯಾಗಿ ಕಿವಿಗೆ ಏನೂ ಆಗದ ಹತ್ತಾರು ಲೆಕ್ಕಾಚಾರಗಳನ್ನು ಟಿಪ್ಪಣಿ ಪುಸ್ತಕದಲ್ಲೇ ಬಿಟ್ಟೆ.

ಅಂಕ ಕೊಡುವುದು ಬಿಡುವುದು ಬರೆಯುವವರ ಇಷ್ಟ, ನಾನು ಕೊಡುವುದಿಲ್ಲ. ಇತರ ಅಭಿಮಾನಿಗಳು ಬರೆದದ್ದನ್ನು ನಿಮ್ಮ ಕರಡು ಮುಗಿದ ಮೇಲೆ ಓದಿ. ಅವರು ಗಮನಿಸಿದ್ದು ನಿಮಗೆ ಕೇಳಿಸಿರದಿದ್ದರೆ ಆ ಟ್ರ್ಯಾಕಿಗೆ ಮರಳಿ ಹೋಗಿ, ಕೇಳಿಸಿದರೆ ಸೇರಿಸಿ, ಅವರಿಂದ ತಿಳಿಯಿತೆಂದು ಹೇಳಿ.

ವಿಮರ್ಶೆಯ ಕೊನೆಯಲ್ಲಿ ಎರಡು ಸಾಲುಗಳನ್ನು ತಪ್ಪದೆ ಸೇರಿಸಬೇಕೆಂದು ನಾನು ಎಲ್ಲರನ್ನೂ ಕೋರುತ್ತೇನೆ: ಎಷ್ಟು ಸಲ ಕೇಳಿ ಬರೆದದ್ದು, ಮತ್ತು ಯಾವುದರಲ್ಲಿ ಕೇಳಿದ್ದು. ನನ್ನ ಎರಡನೆಯ ಬರಹದ ಕೆಳಗೆ ‘ಹನ್ನೊಂದು ಸಲ, ಒಂಬತ್ತು ಹೆಡ್‌ಫೋನಿನಲ್ಲಿ, ಎರಡು ಸ್ಪೀಕರಿನಲ್ಲಿ, ಫ್ಯಾನ್ ಆರಿಸಿ’ ಎಂದಿದೆ.