ಬೇಲಿ ಎತ್ತರ ಮಾಡಲಿಲ್ಲ, ಎರಡು ಸಾಲು ಮಾಡಿದೆ

ಈ ಬೇಸಿಗೆಯಲ್ಲಿ ನಮ್ಮ ಹಿತ್ತಲ ಬಸಳೆ ಚಪ್ಪರ ತುಂಬಿತು. ಐದಾರು ವರ್ಷದಲ್ಲಿ ಇದೇ ಮೊದಲು. ನಮ್ಮ ಮನೆ ಲಕ್ಕವಳ್ಳಿ ಕಡೆ, ಭದ್ರಾ ಕಾಡಿನ ಅಂಚಿನಲ್ಲಿದೆ. ಕಾಡಿನಲ್ಲಿ ಹಸಿರು ಒಣಗಿತು ಅಂದರೆ ಜಿಂಕೆ ಹಿಂಡು ಹಿತ್ತಲಿಗೇ ಬರುತ್ತದೆ. ಕಡವೆಯೂ ಬರುತ್ತದೆ, ರಾತ್ರಿ ಹೊತ್ತು.

ಮೊದಲ ವರ್ಷ ಮೊಲದ ಕಾಟ ಅಂದುಕೊಂಡಿದ್ದೆ. ತಿಂದ ದಂಟು ಹಿಡಿದು ನೋಡಿ. ಮೊಲ ತಿಂದಿದ್ದರೆ ಕತ್ತಿಯಲ್ಲಿ ಓರೆಯಾಗಿ ಕೊಯ್ದ ಹಾಗಿರುತ್ತದೆ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಕಚ್ಚಿ ಎಳೆಯುತ್ತದೆ. ತುದಿ ಹರಿದು ನಾರು ಜೋತಾಡುತ್ತಿರುತ್ತದೆ. ಅಲಸಂದೆ ಬಳ್ಳಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಎಲ್ಲರ ಹಾಗೆ ಹಳೇ ಸೀರೆ ಕಟ್ಟಿದೆ. ಒಂದು ವಾರ ನಡೆಯಿತು, ಆಮೇಲೆ ಅಡಿಯಲ್ಲೇ ನುಸುಳಿದವು. ಕೆಂಪು ಬಣ್ಣ ಅವಕ್ಕೆ ಸರಿಯಾಗಿ ಕಾಣುವುದಿಲ್ಲ, ನೀಲಿ ಕಾಣುತ್ತದೆ. ಕ್ಷೌರದಂಗಡಿಯಿಂದ ಕೂದಲು ತಂದು ಹರಡಿದೆ, ಎರಡು ಮಳೆಗೆ ಕೊಚ್ಚಿಹೋಯಿತು. ನೈಲಾನ್ ಬಲೆಗೆ 3 ಸಾವಿರದ ಮೇಲೆ ಹಾಕಿದೆ. ಒಂದು ಬೆಳಗಿನ ಜಾವ ನೋಡಿದರೆ ಗಂಡು ಜಿಂಕೆಯ ಕೊಂಬು ಅದಕ್ಕೆ ಸಿಕ್ಕಿಕೊಂಡಿದೆ. ಎಳೆದೂ ಎಳೆದೂ ಏದುಸಿರು ಬಿಡುತ್ತಿತ್ತು. ಮುಖಕ್ಕೆ ಗೋಣಿ ಹಾಕಿ ನಾಲ್ಕು ಜನ ಹಿಡಿದು ಬಲೆ ಕತ್ತರಿಸಿದೆವು. ದಯವಿಟ್ಟು ಬಲೆ ಮಾತ್ರ ಬೇಡ.

ಸೋಲಾರ್ ಬೇಲಿಗೆ ಹತ್ತಿರ ಹತ್ತಿರ 40 ಸಾವಿರ ಕೇಳಿದರು. ಕಾಲೆಕರೆ ಹಿತ್ತಲಿಗೆ ಅಷ್ಟು ಹಾಕುವುದು ನನ್ನಿಂದ ಆಗಲಿಲ್ಲ.

ಕೊನೆಗೆ ಅಡಿಕೆ ಮರ ಸೀಳಿದ ದಬ್ಬೆಯಲ್ಲೇ ಎರಡು ಸಾಲು ಬೇಲಿ ಹಾಕಿಸಿದೆ. ಹೊರಗಿನದು 4 ಅಡಿ, ಒಳಗಿನದು 5 ಅಡಿ, ನಡುವೆ ನಾಲ್ಕೂವರೆ ಅಡಿ ಜಾಗ. "ಎದೆಯೆತ್ತರದ ಬೇಲಿಗೆ ಕಡವೆ ಹೆದರುತ್ತೇನಮ್ಮಾ?" ಅಂದರು ಮಾವ. ಹೆದರಿಸುವ ಮಾತೇ ಅಲ್ಲ. ಅದಕ್ಕೆ ಹಾರಲು ಜಾಗ ಬೇಕು, ಇಳಿಯಲೂ ಜಾಗ ಬೇಕು. ಇಳಿಯುವಲ್ಲೇ ಇನ್ನೊಂದು ಬೇಲಿ ಕಂಡರೆ ಹಾರುವುದಿಲ್ಲ. ತಂತಿ, ಇಬ್ಬರು ಆಳಿನ ಮೂರು ದಿನದ ಕೂಲಿ ಎಲ್ಲ ಸೇರಿ 7 ಸಾವಿರ ಆಗಿರಬಹುದು. ದಬ್ಬೆ ಮನೆಯದೇ. ಬುಡದಲ್ಲಿ ಗೇಣು ಸಂದೂ ಬಿಡಬೇಡಿ, ಕಾಡುಕುರಿ (ಬೊಗಳುವ ಸಣ್ಣ ಜಿಂಕೆ) ತೂರುತ್ತದೆ.

ನಡುವಿನ ಜಾಗ ಸುಮ್ನೆ ಯಾಕೆ ಬಿಡುವುದು ಅಂತ ಅರಿಶಿನ, ನಿಂಬೆಹುಲ್ಲು ಹಾಕಿದೆ. ಜಾಸ್ತಿ ಎತ್ತರ ಬೆಳೆಯದ ಹಾಗೆ ನಿಂಬೆಹುಲ್ಲು ಕೊಯ್ಯುತ್ತಿರುತ್ತೇನೆ, ಒಳಗಿನ ಬೇಲಿ ಮರೆಯಾಗಬಾರದು ಅಲ್ವಾ? ಪರೀಕ್ಷೆಗೆಂದು ಹೊರಬೇಲಿಯ ಆಚೆ ಅರಿಶಿನವನ್ನೂ ಗೆಣಸಿನ ಬಳ್ಳಿಯನ್ನೂ ಅಕ್ಕಪಕ್ಕ ನೆಟ್ಟೆ. ಮೂರನೇ ದಿನ ಗೆಣಸಿನ ಎಲೆ ಒಂದೂ ಉಳಿದಿರಲಿಲ್ಲ. ಅರಿಶಿನ ಹಾಗೇ ಇತ್ತು.

ಹೊರಬೇಲಿಗೆ ಕೊಳೆತ ಮೊಟ್ಟೆ, ಹುಳಿ ಮಜ್ಜಿಗೆ ಕದಡಿ ಚಿಮುಕಿಸುತ್ತೇನೆ. ಇನ್ನೊಂದು ಸೊಪ್ಪಿನ ರಸವೂ ಅದಕ್ಕೆ ಬೀಳುತ್ತದೆ. ಅದು ಯಾವುದು ಅಂತ ಇನ್ನೊಂದು ಮಳೆಗಾಲ ನೋಡಿದ ಮೇಲೆ ಹೇಳುತ್ತೇನೆ.

ಈಗ ಮಾವನೇ ಪಕ್ಕದ ಮನೆಯವರನ್ನು ಕರೆದು ತಂದು ಬೇಲಿ ತೋರಿಸುತ್ತಾರೆ. ಹೋದ ವಾರ ಹೊರಬೇಲಿಯ ಸುತ್ತ ಕಡವೆಯ ಗೊರಸಿನ ಗುರುತಿತ್ತು. ಪೂರಾ ಒಂದು ಸುತ್ತು ಬಂದು, ದಣಪೆ (ಬೇಲಿಯ ಬಾಗಿಲು) ಹತ್ತಿರ ಬಹಳ ಹೊತ್ತು ನಿಂತಿದೆ. ಅಲ್ಲೊಂದು ಕಡೆ ಮಾತ್ರ ಬೇಲಿ ಒಂದೇ ಸಾಲು. ಈ ಭಾನುವಾರ ಒಳಗೊಂದು ದಣಪೆ ಹಾಕಿಸುತ್ತಿದ್ದೇನೆ.