ಮನೆಯಲ್ಲಿ ಕೂತು ಕಾಲೇಜು ಕೆಲಸ: ಮೊಣಕೈಯಿಂದ ಶುರು ಮಾಡಿ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಕಾಲೇಜು ಮನೆಗೇ ಬಂತು. ಆಮೇಲೆ ತರಗತಿಗಳು ವಾಪಸ್ ಹೋದವು, ಕೆಲಸ ಮಾತ್ರ ಪೂರ್ತಿ ಹೋಗಲಿಲ್ಲ. ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಆಂತರಿಕ ಅಂಕ ತುಂಬುವುದು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಕಡತ, ನಾಳೆಯ ಪಿಪಿಟಿ, ಆನ್‌ಲೈನ್ ಮೀಟಿಂಗು ಎಲ್ಲವೂ ಈಗಲೂ ರಾತ್ರಿ ಊಟದ ಟೇಬಲ್ ಮೇಲೋ ಮಂಚದ ಮೇಲೋ ನಡೆಯುತ್ತವೆ. ಬೆಳಗ್ಗೆ ಸ್ಟಾಫ್ ರೂಮಿಗೆ ಹೋದರೆ ಒಬ್ಬರಿಗೆ ಕುತ್ತಿಗೆ ಹಿಡಿದಿರುತ್ತದೆ, ಇನ್ನೊಬ್ಬರಿಗೆ ಸೊಂಟ. "ವಯಸ್ಸಾಯ್ತಲ್ಲ ಮೇಡಂ" ಅಂತ ಸುಮ್ಮನಾಗುತ್ತಾರೆ. ಆದರೆ ವಯಸ್ಸಿನ ತಲೆಗೆ ಕಟ್ಟುವ ಈ ನೋವು ಎಷ್ಟೋ ಸಲ ಟೇಬಲ್ಲಿನ ಎತ್ತರದಿಂದ ಬಂದಿರುತ್ತದೆ. ಹಾಗಾಗಿ ದುಬಾರಿ ಕುರ್ಚಿಗೆ ದುಡ್ಡು ಸುರಿಯುವ ಮೊದಲು ಇಷ್ಟು ಮಾಡಿ ನೋಡಿ.

1. ಮೊದಲು ಮೊಣಕೈ

ಆಫೀಸಿನ ಕುರ್ಚಿ ಏರುತ್ತದೆ, ಇಳಿಯುತ್ತದೆ. ಅಲ್ಲಿ ಪಾದ ನೆಲಕ್ಕೆ ತಾಗಿಸಿ ಶುರು ಮಾಡಿದರೆ ಆಯಿತು. ಮನೆಯಲ್ಲಿ ಟೇಬಲ್ಲೂ ಏರುವುದಿಲ್ಲ, ಕುರ್ಚಿಯೂ ಏರುವುದಿಲ್ಲ. ಊಟದ ಟೇಬಲ್ ಸಾಮಾನ್ಯವಾಗಿ 30 ಇಂಚಿನ ಆಸುಪಾಸು, ಅದರ ಕುರ್ಚಿ 17–18 ಇಂಚು. ಊಟಕ್ಕೆ ಇದು ಸರಿ. ಟೈಪ್ ಮಾಡಲು ಅನೇಕರಿಗೆ, ಅದರಲ್ಲೂ ಕುಳ್ಳಗಿರುವವರಿಗೆ, ಟೇಬಲ್ ಎತ್ತರವಾಗುತ್ತದೆ. ಆಗ ಗೊತ್ತೇ ಆಗದಂತೆ ಹೆಗಲು ಮೇಲೆದ್ದಿರುತ್ತದೆ. ಗಂಟೆಗಟ್ಟಲೆ ಹಾಗೇ ಇದ್ದರೆ ಕುತ್ತಿಗೆ ಬಿಗಿಯದೆ ಇನ್ನೇನಾಗುತ್ತದೆ?

ಪರೀಕ್ಷೆ ಸುಲಭ. ನೆಟ್ಟಗೆ ಕೂತು ತೋಳು ಸಡಿಲ ಬಿಡಿ. ಈಗ ಮೊಣಕೈ ಮಡಿಸಿ. ಅದು ಟೇಬಲ್ ಮಟ್ಟಕ್ಕೆ ಬರಬೇಕು, ಒಂಚೂರು ಮೇಲಿದ್ದರೂ ತೊಂದರೆ ಇಲ್ಲ. ಕೆಳಗಿದ್ದರೆ ಕೂರುವ ಜಾಗ ಎತ್ತರಿಸಿ. ಜಮಖಾನೆಯನ್ನು ಬಿಗಿಯಾಗಿ ಮಡಿಸಿ ಹಾಕಿದರೆ ಸಾಕು. ಮೆತ್ತನೆಯ ದಿಂಬು ಬೇಡ, ಕೂತ ಸ್ವಲ್ಪ ಹೊತ್ತಿಗೇ ಅಮುಕಿಹೋಗುತ್ತದೆ.

2. ಆಮೇಲೆ ಪಾದ, ಸೊಂಟ

ಕುರ್ಚಿ ಎತ್ತರಿಸಿದರೆ ಕಾಲು ಜೋತಾಡುತ್ತದೆ. ಕುರ್ಚಿಯ ಅಂಚು ತೊಡೆಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಕಾಲಡಿ ಒಂದು ಮಣೆ ಇಡಿ. ಸೊಂಟದ ಹಿಂದೆ ಟವೆಲ್ ಸುತ್ತಿ ಇಟ್ಟು ಕುರ್ಚಿಗೆ ಪೂರ್ತಿ ಒರಗಿ ಕೂರಿ.

3. ಲ್ಯಾಪ್‌ಟಾಪನ್ನು ಎರಡು ಮಾಡಿ

ಎಲ್ಲಕ್ಕಿಂತ ಮುಖ್ಯ ಇದೇ. ಲ್ಯಾಪ್‌ಟಾಪಿನಲ್ಲಿ ಪರದೆ, ಕೀಬೋರ್ಡ್ ಅಂಟಿಕೊಂಡಿವೆ. ಕೈಗೆ ಸರಿಯಾಗುವಂತೆ ಇಟ್ಟರೆ ಕುತ್ತಿಗೆ ಬಾಗುತ್ತದೆ, ಕಣ್ಣಿಗೆ ಸರಿ ಮಾಡಿದರೆ ಕೈ ಮೇಲೇಳುತ್ತದೆ. ತಲೆಯ ತೂಕವೇ ಸುಮಾರು 5 ಕೆ.ಜಿ. ಅದು ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಸ್ನಾಯುಗಳಿಗೆ ಹೊರೆ ಜಾಸ್ತಿ.

ಹೀಗೆ ಮಾಡಿ. ಲ್ಯಾಪ್‌ಟಾಪಿನ ಕೆಳಗೆ ದಪ್ಪ ಪುಸ್ತಕ ಪೇರಿಸಿ. ಪಿಎಚ್‌ಡಿ ಮಾಡಿದವರ ಮನೆಯಲ್ಲಿ ಥೀಸಿಸ್ಸಿನ ಪ್ರತಿಗಳು ಇದ್ದೇ ಇರುತ್ತವಲ್ಲ, ಅವೇ ಆಗಬಹುದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಕ್ಕೋ ಬರಲಿ. ದೂರ ಒಂದು ತೋಳಿನಷ್ಟು. ಬೇರೆ ಕೀಬೋರ್ಡು, ಮೌಸು ಸಿಕ್ಕಿಸಿ ಟೇಬಲ್ ಮೇಲಿಡಿ. ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ನನ್ನ ಕೇಳಿದರೆ ಇದನ್ನು ಕಾಲೇಜೇ ಕೊಡಿಸಬೇಕು. ಅತಿಥಿ ಉಪನ್ಯಾಸಕರಿಗಂತೂ ಮೊದಲು ಕೊಡಿಸಬೇಕು. ಬರುವ ಗೌರವಧನದಲ್ಲಿ ಅವರು ಇದಕ್ಕೂ ಕೈಯಿಂದ ಹಾಕಬೇಕು ಅನ್ನುವುದು ನ್ಯಾಯವಲ್ಲ. ವಿಭಾಗದಿಂದ ಎಲ್ಲರೂ ಸೇರಿ ಒಂದು ಪತ್ರ ಕೊಡಿ.

ಚಾಳೀಸು ಬಂದವರು ಇಲ್ಲಿ ಸ್ವಲ್ಪ ಗಮನಿಸಿ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದಲ್ಲಿ ಹತ್ತಿರದ್ದನ್ನು ನೋಡುವ ಭಾಗ ಕೆಳಗಿರುತ್ತದೆ. ಪರದೆ ಎತ್ತರದಲ್ಲಿದ್ದರೆ ಗದ್ದ ಎತ್ತಿ ಎತ್ತಿ ನೋಡುತ್ತೀರಿ, ಕುತ್ತಿಗೆಯ ಹಿಂಭಾಗ ಹಿಡಿಯುತ್ತದೆ. ನಿಮಗೆ ಪರದೆ ಒಂದೆರಡು ಇಂಚು ಕೆಳಗೇ ಇರಲಿ, ಸ್ವಲ್ಪ ಹಿಂದಕ್ಕೆ ವಾಲಿಸಿ. ಕಂಪ್ಯೂಟರಿಗೇ ಅಂತ ಬೇರೆ ಕನ್ನಡಕ ಬರೆದುಕೊಡಲು ಕಣ್ಣಿನ ಡಾಕ್ಟರನ್ನು ಕೇಳಬಹುದು.

4. ಅಂಕ ತುಂಬುವಾಗ

60 ವಿದ್ಯಾರ್ಥಿಗಳಿದ್ದರೆ 60 ಖಾನೆ. ಪ್ರತಿ ಖಾನೆಗೂ ಮೌಸ್ ಒತ್ತಿ, ಮತ್ತೆ ಕೀಬೋರ್ಡಿಗೆ ಬಂದು ಅಂಕ ಬರೆಯುವುದು ಬಲಗೈಗೆ ದೊಡ್ಡ ಶಿಕ್ಷೆ. ಟ್ಯಾಬ್ ಕೀ ಒತ್ತಿ ನೋಡಿ, ಸಾಮಾನ್ಯವಾಗಿ ಮುಂದಿನ ಖಾನೆಗೆ ಹೋಗುತ್ತದೆ. ಅಂಕಪಟ್ಟಿಯನ್ನು ಟೇಬಲ್ ಮೇಲೆ ಮಲಗಿಸಬೇಡಿ. ಪರೀಕ್ಷೆಯ ಪ್ಯಾಡಿಗೆ ಸಿಕ್ಕಿಸಿ ಪರದೆಯ ಪಕ್ಕದಲ್ಲೇ ಒರಗಿಸಿಡಿ. ಪ್ರತಿ ಹೆಸರಿಗೂ ತಲೆ ಬಗ್ಗಿಸಿ ಎತ್ತುವುದು ತಪ್ಪುತ್ತದೆ. ಮಣಿಕಟ್ಟು ನೇರವಾಗಿರಲಿ, ಟೇಬಲ್ಲಿನ ಅಂಚಿಗೆ ಊರಬೇಡಿ.

5. ಏಳಿ

ಎಷ್ಟು ಸರಿಯಾಗಿ ಕೂತರೂ ಒಂದೇ ಭಂಗಿಯಲ್ಲಿ ತುಂಬಾ ಹೊತ್ತು ಇರಬಾರದು. ಅರ್ಧ ಗಂಟೆಗೊಮ್ಮೆ ಏಳಿ. ನೀವು ಕೇಳಿಸಿಕೊಂಡರೆ ಸಾಕು ಅನ್ನುವ ಮೀಟಿಂಗ್ ಇದ್ದರೆ ಇಯರ್‌ಫೋನ್ ಹಾಕಿಕೊಂಡು ನಡೆಯಿರಿ. ಕಣ್ಣಿಗೆ 20 ನಿಮಿಷಕ್ಕೊಮ್ಮೆ 20 ಸೆಕೆಂಡು, 20 ಅಡಿ ಆಚೆಗಿನ ಏನನ್ನಾದರೂ ನೋಡಿ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. ಕಣ್ಣುರಿಗೆ ಅದೂ ಒಂದು ಕಾರಣ.

ಡಾಕ್ಟರ ಹತ್ತಿರ ಯಾವಾಗ?

ಇಷ್ಟು ಬದಲಾಯಿಸಿದ ಮೇಲೂ ಎರಡು ಮೂರು ವಾರದಲ್ಲಿ ನೋವು ತಗ್ಗದಿದ್ದರೆ ತೋರಿಸಿ. ಅಂಗಡಿಯಿಂದ ಬೆಲ್ಟ್, ಕಾಲರ್ ತಂದು ಕಟ್ಟಿಕೊಂಡು ಕಾಯಬೇಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿರಬಹುದು. ಅದನ್ನು ಬೇಗ ತೋರಿಸಿದಷ್ಟೂ ಒಳ್ಳೆಯದು. ಕೈಕಾಲಿನ ಬಲ ಕಡಿಮೆಯಾದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾರನೇ ದಿನಕ್ಕೆ ಮುಂದೂಡದೆ ಆಗಲೇ ಆಸ್ಪತ್ರೆಗೆ ಹೋಗಿ.