ದ್ರಾಕ್ಷಿ ‘ದಾಕಿ’ ಆಗದಂತೆ ಆ್ಯಪ್ ವಿನ್ಯಾಸ ಮಾಡುವುದು ಹೇಗೆ?

ವಿಜಯಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರೈತರಿಗಾಗಿ ಮಾಡಿದ ಆ್ಯಪ್‌ಗಳನ್ನು ಪ್ರತಿವರ್ಷ ನೋಡುತ್ತೇನೆ. ಕೋಡ್ ಅಚ್ಚುಕಟ್ಟಾಗಿರುತ್ತದೆ, ಬಣ್ಣವೂ ಚಂದ. ತೋಟಕ್ಕೆ ಒಯ್ದರೆ ಮಾಹಿತಿ ತುಂಬುವ ಪರದೆಯಲ್ಲೇ ಎಲ್ಲವೂ ನಿಂತುಬಿಡುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಹಿರಿಯರೊಬ್ಬರು ಫೋನನ್ನು ಕಣ್ಣಿನ ಹತ್ತಿರ ಹಿಡಿದು, “ತಮ್ಮಾ, ದಾಕಿ ಅಂತ ಬರದೈತಲ್ಲ, ಇದ್ಯಾವ ಬೆಳಿ?” ಎಂದು ಕೇಳಿದರು. ಬರೆದದ್ದು ದ್ರಾಕ್ಷಿ ಎಂದೇ. ಬಟನ್‌ನ ಎತ್ತರ ಸಾಲದೆ ಒತ್ತಕ್ಷರಗಳೆಲ್ಲ ಕತ್ತರಿಸಿಹೋಗಿದ್ದವು.

ಹಂತ 1: ಪರದೆಗಳನ್ನು ಮೊದಲು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಒಂದು ಪರದೆಗೆ ಒಂದೇ ಕೆಲಸ.

ಹಂತ 2: ಕನ್ನಡದಲ್ಲೇ ಶುರುಮಾಡಿ. ಇಂಗ್ಲಿಷಿನಲ್ಲಿ ಮುಗಿಸಿ ಕೊನೆಗೆ ಯಂತ್ರಾನುವಾದ ಹಾಕುವ ಅಡ್ಡದಾರಿ ಬೇಡವೇ ಬೇಡ. ಟ್ರ್ಯಾಕ್ಟರ್ ಬುಕ್ ಮಾಡುವ ಬಟನ್ ಮೇಲೆ ‘ಪುಸ್ತಕ’ ಎಂದು ಬಂದದ್ದನ್ನು ಕಂಡಿದ್ದೇನೆ. ‘ಬುಕ್ ಮಾಡಿ’ ಎಂದೇ ಬರೆಯಿರಿ, ಎಲ್ಲರಿಗೂ ಅರ್ಥವಾಗುತ್ತದೆ.

ಹಂತ 3: ಅಕ್ಷರಕ್ಕೆ ಜಾಗ ಕೊಡಿ. ನಮ್ಮ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ನಾನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಇಡುವುದಿಲ್ಲ. ಬಟನ್‌ಗೆ ಇಷ್ಟೇ ಎತ್ತರ ಎಂದು ಕಟ್ಟಿಹಾಕದೆ, ಒಳಗಿನ ಪದಕ್ಕೆ ತಕ್ಕಂತೆ ಬೆಳೆಯಲು ಬಿಡಿ. ಆಂಡ್ರಾಯ್ಡ್ 14ರಲ್ಲಿ ಬಳಕೆದಾರರು ಅಕ್ಷರವನ್ನು 200 ಪ್ರತಿಶತದವರೆಗೆ ಹಿಗ್ಗಿಸಬಹುದು. ಹಾಗೆ ಹಿಗ್ಗಿಸಿಯೇ ‘ರಾಷ್ಟ್ರ’, ‘ಸ್ತ್ರೀ’, ‘ದ್ರಾಕ್ಷಿ’ ಪದಗಳನ್ನು ಹಾಕಿ ನೋಡಿ. ಫಾಂಟ್ ಬೇಕಾದರೆ ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಡಿಟಿಪಿ ಅಂಗಡಿಯಿಂದ ಹಳೆಯ ಆಸ್ಕಿ ಫಾಂಟಿನಲ್ಲಿ (ಆ ಫಾಂಟ್ ಇಲ್ಲದ ಫೋನಿನಲ್ಲಿ ಅಕ್ಷರ ಕಲಸಿಹೋಗುವ ಬಗೆ) ಬಂದ ಪಠ್ಯವನ್ನು, ಎಲ್ಲ ಫೋನುಗಳಿಗೂ ಒಂದೇ ಆಗಿರುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ಬದಲಿಸದೆ ಮುಟ್ಟಬೇಡಿ.

ಹಂತ 4: ಮಾಹಿತಿಯ ಖಾನೆಗಳು. ಅತಿ ಹೆಚ್ಚು ಎಡವುವುದು ಇಲ್ಲೇ.

ಜಮೀನಿನ ವಿಸ್ತೀರ್ಣ ಕೇಳಲು ಒಂದೇ ಖಾನೆ ಇಟ್ಟು ‘ಎಕರೆ’ ಎಂದು ಬರೆದಿರುತ್ತಾರೆ. ರೈತರ ಉತಾರದಲ್ಲಿ (ಪಹಣಿಯಲ್ಲಿ) 2 ಎಕರೆ 20 ಗುಂಟೆ ಎಂದಿರುತ್ತದೆ. ಅವರು 2.20 ಎಂದು ಒತ್ತುತ್ತಾರೆ. ಎಕರೆಗೆ 40 ಗುಂಟೆ. ಹಾಗಾಗಿ ಅದು 2.5 ಎಕರೆ. ಕಂಪ್ಯೂಟರ್ ಮಾತ್ರ 2.20 ಅನ್ನು 2 ಎಕರೆ 8 ಗುಂಟೆ ಎಂದು ತಿಳಿಯುತ್ತದೆ. 12 ಗುಂಟೆ ಹೋಯಿತು! ಔಷಧಿಯ ಪ್ರಮಾಣ, ಇಳುವರಿಯ ಲೆಕ್ಕ ಎಲ್ಲವೂ ತಪ್ಪು, ಯಾರಿಗೂ ಗೊತ್ತಾಗುವುದಿಲ್ಲ. ಎಕರೆಗೊಂದು, ಗುಂಟೆಗೊಂದು, ಎರಡು ಖಾನೆ ಇಡಿ. ಗುಂಟೆಯ ಖಾನೆಯಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಲ್ಲೇ ಕೇಳಿ.

ಹೆಸರಿನ ಖಾನೆಗೆ ‘10 ಅಕ್ಷರ’ ಎಂಬ ಮಿತಿ ಹಾಕಬೇಡಿ. ‘ಮಲ್ಲಿಕಾರ್ಜುನ’ ನಮ್ಮ ಕಣ್ಣಿಗೆ ಐದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಮೂಲಾಕ್ಷರ, ವಿರಾಮ (ಒತ್ತು ಮೂಡಿಸುವ ಅರ್ಧಾಕ್ಷರದ ಚಿಹ್ನೆ), ಸ್ವರಚಿಹ್ನೆ ಸೇರಿ 12 ಸಂಕೇತ. ಹತ್ತಕ್ಕೆ ಕಡಿದರೆ ‘ಮಲ್ಲಿಕಾರ್ಜ’ ಉಳಿಯುತ್ತದೆ. ತನ್ನ ಹೆಸರನ್ನೇ ತಪ್ಪಾಗಿ ತೋರಿಸುವ ಆ್ಯಪನ್ನು ಯಾರು ನಂಬುತ್ತಾರೆ?

ಮೊಬೈಲ್ ನಂಬರಿನ ಖಾನೆ ಮುಟ್ಟಿದಾಗ ಅಂಕಿಗಳ ಕೀಲಿಮಣೆಯೇ ತೆರೆಯಲಿ. +91 ಸೇರಿಸಿದರೂ, ನಡುವೆ ಜಾಗ ಬಿಟ್ಟರೂ, ೯೮ ಎಂದು ಕನ್ನಡ ಅಂಕಿ ಒತ್ತಿದರೂ ನೀವೇ ಸರಿಪಡಿಸಿಕೊಳ್ಳಿ. ಅದು ನಾಲ್ಕು ಸಾಲಿನ ಕೋಡ್. ‘ಅಮಾನ್ಯ ನಮೂದು’ ಎಂದು ಕೆಂಪಕ್ಷರದಲ್ಲಿ ಗದರಿಸುವ ಬದಲು, ‘ನಂಬರಿನಲ್ಲಿ ಒಂದು ಅಂಕಿ ಕಡಿಮೆ ಇದೆ’ ಎಂದು ಆ ಖಾನೆಯ ಕೆಳಗೇ ಹೇಳಿ. ಈಗಾಗಲೇ ತುಂಬಿದ್ದನ್ನು ಯಾವ ಕಾರಣಕ್ಕೂ ಅಳಿಸಬೇಡಿ.

ಹಂತ 5: ಒತ್ತುವ ಜಾಗ ಆಂಡ್ರಾಯ್ಡ್‌ನಲ್ಲಿ ಕನಿಷ್ಠ 48 ಡಿಪಿ (ಯಾವ ಪರದೆಯಲ್ಲೂ ಹೆಚ್ಚುಕಡಿಮೆ ಒಂದೇ ಗಾತ್ರ ಕೊಡುವ ಅಳತೆ), ಅಂದರೆ ಸುಮಾರು 9 ಮಿಲಿಮೀಟರ್ ಇರಲಿ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ 4.5ಕ್ಕೆ 1ರಷ್ಟಾದರೂ ಬೇಕು. ಬಿಳಿಯ ಮೇಲೆ ತಿಳಿಬೂದು ಅಕ್ಷರ ನಮ್ಮ ಬಿಸಿಲಿಗೆ ಕಾಣುವುದೇ ಇಲ್ಲ. ನನ್ನ ಮಟ್ಟಿಗೆ ಬಿಳಿಯ ಮೇಲೆ ಕಪ್ಪು, ಅಷ್ಟೇ.

ಹಂತ 6: ನೆಟ್‌ವರ್ಕ್ ಇಲ್ಲದಿದ್ದರೂ ಮಾಹಿತಿ ಫೋನಿನಲ್ಲೇ ಉಳಿಯಲಿ; ಸಿಗ್ನಲ್ ಬಂದಾಗ ತಾನಾಗಿ ಹೋಗಲಿ. ಅಲ್ಲಿಯವರೆಗೆ ‘ಇನ್ನೂ ಕಳಿಸಿಲ್ಲ’ ಎಂಬ ಗುರುತು ಕಾಣಬೇಕು. ಲೊಕೇಶನ್, ಕ್ಯಾಮೆರಾ ಅನುಮತಿಯನ್ನು ಆ್ಯಪ್ ತೆರೆದ ಕೂಡಲೇ ಕೇಳದೆ, ಬೇಕಾದ ಹೊತ್ತಿಗೆ ಕೇಳಿ.

ಹಂತ 7: ಹಳೆಯ, ಅಗ್ಗದ ಫೋನ್ ಹಿಡಿದು ನಡುಮಧ್ಯಾಹ್ನ ತೋಟಕ್ಕೆ ಹೋಗಿ. ರೈತರ ಕೈಗೆ ಕೊಟ್ಟು, “ಯಪ್ಪಾ, ಇದರಾಗ ನಿಮ್ಮ ಹೊಲ ತುಂಬ್ರಿ” ಎಂದಷ್ಟೇ ಹೇಳಿ ಸುಮ್ಮನೆ ನಿಲ್ಲಿ. “ಅಲ್ಲಿ ಒತ್ರಿ” ಎನ್ನಬೇಡಿ, ಬೆರಳು ತೋರಿಸಬೇಡಿ. ಅವರ ಹೆಬ್ಬೆರಳು ಎಲ್ಲಿ ತಡೆದು ನಿಂತಿತು ಎಂಬುದನ್ನು ಮಾತ್ರ ಬರೆದುಕೊಳ್ಳಿ.